ಪೆಟ್ಟಾಗಿ ಆಟ ಬಿಟ್ಟೆ. ನಲವತ್ತರ ಮೇಲೆ ಹೊಸ ಆಟ ಕಲಿಯಲು ಹೋಗಿ ಹೀಗಾದವರು ಬೇರೆ ಯಾರಾದರೂ ಇದ್ದೀರಾ? ಮತ್ತೆ ಆಡಿದಿರಾ?

ಇದ್ದೇನೆ. ಆಡಿದೆ, ಆದರೆ ತಪ್ಪು ಸಮಯಕ್ಕೆ. ನನ್ನದು ಶಟಲ್ ಕತೆ.

41ನೇ ವಯಸ್ಸಿಗೆ ಶುಗರ್ ಬಾರ್ಡರಿಗೆ ಬಂದಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಬೆಳಗ್ಗೆ ಆರಕ್ಕೆ ಮನೆ ಹತ್ತಿರದ ಕೋರ್ಟಿಗೆ ಹೋಗತೊಡಗಿದೆ. ಒಳಗೊಳಗೇ ಜಂಬ ಇತ್ತು. ಹೈಸ್ಕೂಲಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವನು ನಾನು. ಹಳದಿ ಉಲ್ಲನ್ ಚೆಂಡು, ಮಣ್ಣಿನ ಅಂಗಳ, ಒಂದೊಂದು ಕಡೆ ಐದು ಜನ. ಅದೂ ಬ್ಯಾಟು, ಇದೂ ಬ್ಯಾಟು, ಏನು ಮಹಾ ಅಲ್ವಾ?

ಮೊದಲ ಏಟು ಬಿದ್ದಿದ್ದು ಅಲ್ಲೇ. ಉಲ್ಲನ್ ಚೆಂಡಿಗೆ ತೋಳು ಬೀಸಿ ಹೊಡೆಯುತ್ತಿದ್ದೆವು. ಶಟಲ್ ತೂಗುವುದು 5 ಗ್ರಾಂ ಆಸುಪಾಸು. ಅದಕ್ಕೆ ಮುಂಗೈ ತಿರುವು ಸಾಕು. ನಾನು ಬೀಸಿದರೆ ಫ್ರೇಮಿಗೆ ತಾಗಿ ಗರಿ ಮುರಿಯುತ್ತಿತ್ತು. ಒಂದು ಶಟಲಿಗೆ 16 ಗರಿ. ಒಂದು ಹೋದರೂ ಅದು ಕುಡಿದವರ ಹಾಗೆ ತೂರಾಡುತ್ತದೆ. ದುಡ್ಡು ಹಾಕಿ ಡಬ್ಬಿ ತರುವವರ ಮುಖ ನೋಡಬೇಕಿತ್ತು! ಯಾರೂ ಬೈಯಲಿಲ್ಲ. ಒಂದು ದಿನ ಸುಮ್ನೆ ನನ್ನ ಕೈಗೆ ಪ್ಲಾಸ್ಟಿಕ್ ಶಟಲ್ ಇಟ್ಟರು, ಅಷ್ಟೇ. ಎರಡು ತಿಂಗಳು ಕೊನೆಯ ಕೋರ್ಟಿನಲ್ಲಿ ಮಕ್ಕಳ ಜೊತೆ ಆಡಿದೆ.

ಐದನೇ ತಿಂಗಳು ಒಂದು ದಿನ ತಡವಾಗಿ ಹೋದೆ. ಮೈ ಬಿಸಿ ಮಾಡಿಕೊಳ್ಳದೆ ನೇರ ಆಟಕ್ಕಿಳಿದೆ. ಎದುರಿನವರು ನೆಟ್ ಪಕ್ಕವೇ ಬೀಳುವ ಹಾಗೆ ಮೆಲ್ಲಗೆ ಡ್ರಾಪ್ ಹಾಕಿದರು. ಹಿಂದಿನಿಂದ ಚಿಮ್ಮಿದೆ. ಎಡ ಮೀನಖಂಡಕ್ಕೆ ಯಾರೋ ರಾಕೆಟ್ಟಿನಿಂದ ಬಾರಿಸಿದ ಹಾಗಾಯಿತು. ತಿರುಗಿ ಪಾರ್ಟ್‌ನರ್‌ಗೆ "ನೋಡ್ಕೊಂಡ್ ಬೀಸ್ರೀ" ಎಂದೆ. ಅವರು ಮೂರು ಮಾರು ದೂರ ನಿಂತಿದ್ದರು.

ಫಿಸಿಯೋ ನನ್ನನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಪಾದ ತಾನಾಗಿ ಚಾಚಿಕೊಂಡಿತು. ಹಾಗಾದರೆ ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ ತುಂಡಾಗಿಲ್ಲ, ಸ್ನಾಯು ಮಾತ್ರ ಹರಿದಿದೆ ಅಂತ ಲೆಕ್ಕವಂತೆ. ಇದಕ್ಕೆ ಟೆನಿಸ್ ಲೆಗ್ ಅಂತ ಹೆಸರು. ಜನ್ಮದಲ್ಲಿ ಟೆನಿಸ್ ಆಡದವನಿಗೆ!

ನಿಜವಾದ ಪೆದ್ದುತನ ಮಾಡಿದ್ದು ಆಮೇಲೆ. ಮೂರನೇ ವಾರಕ್ಕೆ ನಡೆಯುವಾಗ ನೋವಿರಲಿಲ್ಲ. ವಾಸಿಯಾಯಿತು ಎಂದುಕೊಂಡು ಕೋರ್ಟಿಗಿಳಿದೆ. ಎರಡನೇ ಗೇಮಿಗೆ ಅದೇ ಜಾಗ ಮತ್ತೆ ಹರಿಯಿತು. ಇನ್ನೆರಡು ತಿಂಗಳು ಹೋಯಿತು. ನೋವು ಹೋಗುವುದು ಬೇರೆ, ಬಲ ಬರುವುದು ಬೇರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಹುಶಃ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಒಂದೇ ಕಾಲಲ್ಲಿ ನಿಂತು 25 ಸಲ ಹಿಮ್ಮಡಿ ಎತ್ತುವ ತನಕ ಓಡಬಾರದು ಎಂದು ಈ ಸಲ ಫಿಸಿಯೋ ಕಟ್ಟುನಿಟ್ಟು ಮಾಡಿದರು. ಮೊದಲ ದಿನ ನಾಲ್ಕಕ್ಕೇ ಕಾಲು ನಡುಗಿತು. ನಿಮ್ಮದು ಯಾವ ಪೆಟ್ಟೋ ಬರೆದಿಲ್ಲ, ಆದರೆ ಮತ್ತೆ ಇಳಿಯುವ ಮುಂಚೆ ನಿಮ್ಮ ಫಿಸಿಯೋ ಹತ್ತಿರ ಇಂಥದ್ದೊಂದು ಲೆಕ್ಕ ಕೇಳಿಕೊಳ್ಳಿ. ರನ್ನಿಂಗ್ ಶೂ ಹಾಕಿ ಆಡುತ್ತಿದ್ದರೆ ಅದನ್ನೂ ಬದಲಿಸಿ. ಪಕ್ಕಕ್ಕೆ ಹೆಜ್ಜೆ ಹಾಕಿದಾಗ ಅದರ ದಪ್ಪ ಹಿಮ್ಮಡಿ ಕೈಕೊಡುತ್ತದೆ.

ಓಡುವ ಹಾಗಿಲ್ಲದ ಆ ದಿನಗಳಲ್ಲೂ ಕೋರ್ಟಿಗೆ ಹೋಗುತ್ತಿದ್ದೆ. ಅಲ್ಲಿ ಗೋಡೆ ಮೇಲೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆಯವರ ಫೋಟೋ ಇದೆ. ಅವರದು ಕೈಚಳಕದ ಆಟ. ಅದರ ಕೆಳಗೆ ನಿಂತು ಬರೀ ಸರ್ವ್ ಹಾಕುತ್ತಿದ್ದೆ. ನಿಂತಲ್ಲೇ, ದಿನಕ್ಕೆ ನೂರು. ಈಗ ನನ್ನ ಸರ್ವ್ ನೆಟ್ ಸವರಿಕೊಂಡು ಹೋಗುತ್ತದೆ. ನೆಟ್ ಪಕ್ಕ ಡ್ರಾಪ್ ಬಿದ್ದರೆ ಮಾತ್ರ ಪಾರ್ಟ್‌ನರ್ ಈಗಲೂ ಕೂಗುತ್ತಾರೆ: "ಬಿಡಿ ಸಾರ್, ಒಂದು ಪಾಯಿಂಟ್ ತಾನೇ!"