ಫೀಲ್ಡ್ ಪ್ರೈವೇಟ್ ಆಗಿದ್ದರೆ ಸಾಲದೇ? ಆಬ್ಜೆಕ್ಟ್ ಹಂಚಿಕೆಯನ್ನು ಟೈಪ್ ಸಿಸ್ಟಮ್ ಏಕೆ ನೋಡಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಜಾವಾದಲ್ಲಿ ಫೀಲ್ಡನ್ನು ಪ್ರೈವೇಟ್ ಮಾಡಿದ, ಅಂದರೆ ಕ್ಲಾಸಿನ ಹೊರಗಿನ ಕೋಡ್ ಮುಟ್ಟದಂತೆ ಮಾಡಿದ ಮೇಲೂ, ಆಬ್ಜೆಕ್ಟಿನ ಒಡೆತನವನ್ನು ಟೈಪಿನಲ್ಲೇ ಬರೆಯುವ ಓನರ್‌ಶಿಪ್ ಟೈಪ್‌ಗಳಂಥ ಸಂಶೋಧನೆ ಏಕೆ ಬೇಕು ಎಂಬುದು ಮೊದಲನೆಯದು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದ ಮೇಲೆ ಈ ಕ್ಷೇತ್ರದಲ್ಲಿ ಮಾಡುವುದಕ್ಕೆ ಇನ್ನೇನಾದರೂ ಉಳಿದಿದೆಯೇ ಎಂಬುದು ಎರಡನೆಯದು. ನಾನು ಕಂಪೈಲರ್‌ಗಳ ಕೆಲಸದಲ್ಲಿರುವವನು, ಈ ವಿಷಯದ ಪ್ರಬಂಧಗಳನ್ನು ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ. ಆ ಆಧಾರದ ಮೇಲೆ ಉತ್ತರಿಸುತ್ತೇನೆ.

ಪ್ರೈವೇಟ್ ಎಂದು ಬರೆದಾಗ ರಕ್ಷಣೆ ಸಿಗುವುದು ಫೀಲ್ಡಿನ ಹೆಸರಿಗೆ ಮಾತ್ರ. ಆ ಫೀಲ್ಡ್ ತೋರಿಸುತ್ತಿರುವ ಆಬ್ಜೆಕ್ಟಿಗೆ ಅದನ್ನು ತಲುಪಿಸುವ ಬೇರೆ ಎಷ್ಟು ರೆಫರೆನ್ಸ್‌ಗಳಿವೆ, ಅವು ಯಾರ ಕೈಯಲ್ಲಿವೆ ಎಂಬುದನ್ನು ಕಂಪೈಲರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದರ ಪರಿಣಾಮ ಎಷ್ಟು ಗಂಭೀರವಾಗಬಹುದು ಎಂಬುದಕ್ಕೆ 1997ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜಾವಾದ ಅಭಿವೃದ್ಧಿ ಕಿಟ್ ಆದ ಜೆಡಿಕೆ 1.1.1ರಲ್ಲಿ ಪತ್ತೆ ಮಾಡಿದ ದೋಷವೇ ಸಾಕ್ಷಿ. ಒಂದು ಕ್ಲಾಸಿಗೆ ಯಾರು ಯಾರು ಡಿಜಿಟಲ್ ಸಹಿ ಹಾಕಿದ್ದಾರೆ ಎಂಬ ಪಟ್ಟಿಯನ್ನು ಜಾವಾ ತನ್ನೊಳಗೆ ಒಂದು ಅರೇಯಲ್ಲಿ ಇಟ್ಟುಕೊಂಡಿತ್ತು. ಗೆಟ್‌ಸೈನರ್ಸ್ ಎಂಬ ಮೆಥಡ್ ಆ ಪಟ್ಟಿಯ ನಕಲನ್ನು ಕೊಡುವ ಬದಲು ಒಳಗಿನ ಅರೇಯನ್ನೇ ಹಿಂದಿರುಗಿಸುತ್ತಿತ್ತು. ಹೀಗಾಗಿ ಹೊರಗಿನಿಂದ ಬಂದ ಒಂದು ಆಪ್ಲೆಟ್ (ವೆಬ್ ಪುಟದೊಳಗೆ ಓಡುವ ಸಣ್ಣ ಜಾವಾ ಪ್ರೋಗ್ರಾಮ್) ತನ್ನ ಪಟ್ಟಿಯನ್ನು ಕೇಳಿ ಪಡೆದು, ಆ ಅರೇಯೊಳಗೆ ನಂಬಿಕಸ್ಥರ ಹೆಸರನ್ನು ತುಂಬಿಬಿಟ್ಟರೆ, ಇಡೀ ವ್ಯವಸ್ಥೆ ಅದನ್ನು ನಂಬಿಕಸ್ಥ ಕೋಡ್ ಎಂದೇ ಪರಿಗಣಿಸುತ್ತಿತ್ತು. ಇಲ್ಲಿ ಟೈಪ್ ತಪ್ಪಿರಲಿಲ್ಲ, ಪ್ರೈವೇಟ್ ನಿಯಮವೂ ಮುರಿದಿರಲಿಲ್ಲ; ಭದ್ರತೆ ಮಾತ್ರ ಕುಸಿದಿತ್ತು. ಅರೇಯನ್ನು ಕಾಪಿ ಮಾಡಿ ಕೊಟ್ಟಿದ್ದರೆ ದೋಷ ಇರುತ್ತಿರಲಿಲ್ಲ ಎನ್ನುವುದು ನಿಜ. ಆದರೆ ಎಲ್ಲಿ ಕಾಪಿ ಮಾಡಬೇಕು ಎಂಬುದು ಪ್ರೋಗ್ರಾಮರನ ನೆನಪಿಗೆ ಬಿಟ್ಟ ವಿಷಯವಾಗಿರುವವರೆಗೆ ಇಂಥ ದೋಷ ಮತ್ತೆ ಮತ್ತೆ ಬರುತ್ತದೆ.

ಮರುವರ್ಷ, ಅಂದರೆ 1998ರಲ್ಲಿ ನಡೆದ ಊಪ್ಸ್ಲಾ ಎಂಬ ಪ್ರೋಗ್ರಾಮಿಂಗ್ ಸಂಶೋಧನಾ ಸಮ್ಮೇಳನದಲ್ಲಿ, ಡೇವ್ ಕ್ಲಾರ್ಕ್, ಜಾನ್ ಪಾಟರ್ ಮತ್ತು ಜೇಮ್ಸ್ ನೋಬಲ್ ಅವರು ಓನರ್‌ಶಿಪ್ ಟೈಪ್‌ಗಳನ್ನು ಮಂಡಿಸಿದರು. ಪ್ರತಿ ಆಬ್ಜೆಕ್ಟಿಗೂ ಒಬ್ಬ ಒಡೆಯ ಇರುತ್ತಾನೆ, ಆ ಒಡೆತನ ಟೈಪಿನಲ್ಲೇ ಬರೆದಿರುತ್ತದೆ, ಮತ್ತು ಹೊರಗಿನಿಂದ ಆ ಆಬ್ಜೆಕ್ಟನ್ನು ತಲುಪುವ ಯಾವ ದಾರಿಯೇ ಆದರೂ ಒಡೆಯನ ಮೂಲಕವೇ ಹಾದುಹೋಗಬೇಕು ಎಂಬುದು ಅದರ ತಿರುಳು. ಈ ನಿಯಮವಿದ್ದರೆ ಹೊರಗಿನ ಕೋಡ್ ಮೇಲಿನ ಮೆಥಡ್ ಮೂಲಕ ಒಳಗಿನ ಅರೇಯನ್ನು ಪಡೆಯುವುದನ್ನು ಕಂಪೈಲರೇ ತಡೆಯುತ್ತಿತ್ತು.

ಆದರೆ ಇಷ್ಟು ಬಿಗಿಯಾದ ನಿಯಮ ಸಾಮಾನ್ಯ ಕೋಡಿಗೂ ಅಡ್ಡ ಬರುತ್ತದೆ. ಲಿಂಕ್ಡ್ ಲಿಸ್ಟನ್ನೇ, ಅಂದರೆ ನೋಡ್ ಎಂಬ ತುಣುಕುಗಳನ್ನು ಸರಪಳಿಯಂತೆ ಪೋಣಿಸಿದ ಪಟ್ಟಿಯನ್ನೇ, ತೆಗೆದುಕೊಳ್ಳಿ. ಅದರ ನೋಡ್‌ಗಳಿಗೆ ಲಿಸ್ಟ್ ಒಡೆಯ. ಇಟರೇಟರ್, ಅಂದರೆ ಲಿಸ್ಟಿನ ಅಂಶಗಳನ್ನು ಒಂದೊಂದಾಗಿ ಕೊಡುವ ಆಬ್ಜೆಕ್ಟ್, ಹೊರಗೆ ಬಳಕೆಯಾಗುವಂಥದ್ದು, ಆದರೆ ತಾನು ಎಲ್ಲಿಯವರೆಗೆ ಬಂದಿದ್ದೇನೆ ಎಂದು ನೆನಪಿಡಲು ಒಳಗಿನ ಒಂದು ನೋಡನ್ನು ನೇರವಾಗಿ ಹಿಡಿದಿರಲೇಬೇಕು. ನಿಯಮದ ಪ್ರಕಾರ ಅದು ನಿಷಿದ್ಧ. ಮುಂದಿನ ಹಲವು ವರ್ಷಗಳ ಸಂಶೋಧನೆಯ ದೊಡ್ಡ ಪಾಲು ಈ ಒಂದು ಉದಾಹರಣೆಯ ಸುತ್ತ ನಡೆಯಿತು ಎಂದರೆ ಉತ್ಪ್ರೇಕ್ಷೆಯಾಗಲಾರದು. ಚಂದ್ರಶೇಖರ್ ಬೋಯಪಾಟಿ, ಬಾರ್ಬರಾ ಲಿಸ್ಕೋವ್ ಮತ್ತು ಲ್ಯೂಬಾ ಶ್ರೀರಾ ಅವರು 2003ರಲ್ಲಿ, ಇನ್ನೊಂದು ಕ್ಲಾಸಿನೊಳಗೇ ಬರೆದ ಇನ್ನರ್ ಕ್ಲಾಸ್‌ಗಳಿಗೆ ಮಾತ್ರ ವಿನಾಯಿತಿ ಕೊಟ್ಟರು. ಪೀಟರ್ ಮ್ಯೂಲರ್ ಮತ್ತು ಸಂಗಡಿಗರ ಯೂನಿವರ್ಸ್ ಟೈಪ್‌ಗಳು ಓದುವುದಕ್ಕೆ ಯಾರು ಬೇಕಾದರೂ ರೆಫರೆನ್ಸ್ ಇಟ್ಟುಕೊಳ್ಳಲಿ, ಬದಲಾವಣೆ ಮಾತ್ರ ಒಡೆಯನ ಮೂಲಕ ಆಗಲಿ ಎಂದವು. ನನ್ನ ಮಟ್ಟಿಗೆ ಈ ಎರಡನೆಯದು ಹೆಚ್ಚು ಮುಖ್ಯವಾದ ತಿರುವು, ಏಕೆಂದರೆ ಹಂಚಿಕೆಯೇ (ಒಂದೇ ಆಬ್ಜೆಕ್ಟಿಗೆ ಹಲವು ಕಡೆಯಿಂದ ರೆಫರೆನ್ಸ್ ಇರುವುದೇ) ಅಪಾಯ ಎಂಬ ನಿಲುವನ್ನು ಬಿಟ್ಟು, ಹಂಚಿಕೆ ಮತ್ತು ಬದಲಾವಣೆ ಒಟ್ಟಿಗೆ ಸೇರಿದಾಗಲೇ ತೊಂದರೆ ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ರಸ್ಟ್ ನಿಂತಿರುವುದೂ ಇದೇ ತಿಳಿವಳಿಕೆಯ ಮೇಲೆ. 2015ರಲ್ಲಿ 1.0 ಆವೃತ್ತಿ ಹೊರಬಂದ ಈ ಭಾಷೆಯಲ್ಲಿ ಒಂದು ಮೌಲ್ಯವನ್ನು ಓದುವುದಕ್ಕೆ ಎಷ್ಟು ಜನ ಬೇಕಾದರೂ ಎರವಲು ಪಡೆಯಬಹುದು, ಇಲ್ಲವೇ ಬದಲಾಯಿಸುವುದಕ್ಕೆ ಒಬ್ಬರು ಮಾತ್ರ ಪಡೆಯಬಹುದು; ಎರಡೂ ಏಕಕಾಲಕ್ಕೆ ಸಲ್ಲದು. ಲಿಸ್ಟಿನ ಮೇಲೆ ಲೂಪ್ ಓಡುತ್ತಿರುವಾಗಲೇ ಅದಕ್ಕೆ ಹೊಸ ಅಂಶ ಸೇರಿಸಲು ಹೋದರೆ ಜಾವಾದಲ್ಲಿ ಸಾಮಾನ್ಯವಾಗಿ ಪ್ರೋಗ್ರಾಮ್ ಓಡುವಾಗ ಎಕ್ಸೆಪ್ಶನ್ ಬರುತ್ತದೆ, ರಸ್ಟ್‌ನಲ್ಲಿ ಕಂಪೈಲರ್ ಅದನ್ನು ಮೊದಲೇ ತಡೆಯುತ್ತದೆ. ಇದು ದೊಡ್ಡ ಸಾಧನೆ. 2018ರ ರಸ್ಟ್‌ಬೆಲ್ಟ್ ಸಂಶೋಧನೆ ರಸ್ಟ್‌ನ ಮುಖ್ಯಾಂಶಗಳನ್ನು ಒಳಗೊಂಡ ಒಂದು ಮಾದರಿ ಭಾಷೆಗೆ ಈ ನಿಯಮಗಳು ಸುರಕ್ಷಿತ ಎಂಬುದನ್ನು ಗಣಿತದ ರೀತಿಯಲ್ಲಿ ಸಾಧಿಸಿಯೂ ತೋರಿಸಿತು. ಹಾಗಿದ್ದರೂ ಮಗುವಿನಿಂದ ತಾಯಿ ನೋಡಿಗೆ, ತಾಯಿಯಿಂದ ಮಗುವಿಗೆ ಎರಡೂ ಕಡೆ ರೆಫರೆನ್ಸ್ ಇರುವ ಒಂದು ಮರವನ್ನು ರಸ್ಟ್‌ನಲ್ಲಿ ಕಟ್ಟಿ ನೋಡಿ. ರೆಫರೆನ್ಸ್ ಕೌಂಟಿಂಗ್ (ರೆಫರೆನ್ಸ್‌ಗಳ ಎಣಿಕೆ ಇಡುವುದು), ರೆಫ್‌ಸೆಲ್ (ಎರವಲಿನ ನಿಯಮವನ್ನು ಪ್ರೋಗ್ರಾಮ್ ಓಡುವಾಗ ಪರೀಕ್ಷಿಸುವ ಟೈಪ್), ರೆಫರೆನ್ಸ್ ಬದಲು ಇಂಡೆಕ್ಸ್‌ಗಳು ಅಥವಾ ಅನ್‌ಸೇಫ್ (ಕಂಪೈಲರಿನ ಕೆಲವು ತಪಾಸಣೆಗಳಿಲ್ಲದ ಕೋಡ್), ಇವುಗಳಲ್ಲಿ ಒಂದರ ಮೊರೆ ಹೋಗಬೇಕಾಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಆ ಮರದೊಳಗೆ ನೋಡ್‌ಗಳು ಪರಸ್ಪರ ಎಷ್ಟೇ ಹೆಣೆದುಕೊಂಡಿದ್ದರೂ, ಇಡೀ ಮರಕ್ಕೆ ಹೊರಗಿನಿಂದ ಒಂದೇ ಒಂದು ರೆಫರೆನ್ಸ್ ಇದೆ ಎಂದು ಖಚಿತವಾದರೆ, ಅದನ್ನು ಏಕಕಾಲಕ್ಕೆ ಓಡುತ್ತಿರುವ ಮತ್ತೊಂದು ಥ್ರೆಡ್ಡಿಗೆ ನಿಶ್ಚಿಂತೆಯಿಂದ ದಾಟಿಸಬಹುದು ಅಥವಾ ಇನ್ನು ಬದಲಾಗದಂತೆ ಸ್ಥಿರಗೊಳಿಸಬಹುದು. ಕಾಲಿನ್ ಗಾರ್ಡನ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಮೈಕ್ರೋಸಾಫ್ಟ್‌ನ ಒಂದು ಸಿ-ಶಾರ್ಪ್ ಭಾಷೆಯ ವಿಸ್ತರಣೆಗಾಗಿ ರೂಪಿಸಿದ ಟೈಪ್ ಸಿಸ್ಟಮ್ ಈ ಖಚಿತತೆಯನ್ನು ಸರಳವಾಗಿ ಪಡೆಯುತ್ತದೆ: ಒಂದು ಕೋಡ್ ಭಾಗಕ್ಕೆ ಹೊರಗಿನಿಂದ ಬದಲಾಯಿಸಬಲ್ಲ ಯಾವ ರೆಫರೆನ್ಸೂ ಒಳಬಾರದಿದ್ದರೆ, ಅದು ಹುಟ್ಟಿಸಿದ ಫಲಿತಾಂಶಕ್ಕೆ ಹೊರಗೆ ಪಾಲುದಾರರು ಇರಲು ಸಾಧ್ಯವೇ ಇಲ್ಲ. ಜಿನೋವಾ ವಿಶ್ವವಿದ್ಯಾಲಯದ ಎಲೆನಾ ಜುಕ್ಕಾ, ಅವರೊಂದಿಗೆ ಪಾವೊಲಾ ಜಿಯಾನಿನಿ ಮತ್ತು ಮಾರ್ಕೊ ಸರ್ವೆಟ್ಟೊ, ಇದನ್ನು ಇನ್ನೂ ಸೂಕ್ಷ್ಮಗೊಳಿಸಿದರು. ಒಂದು ಎಕ್ಸ್‌ಪ್ರೆಶನ್ ಓಡಿ ಮುಗಿದಾಗ ಯಾವ ಯಾವ ವೇರಿಯೇಬಲ್‌ಗಳು ಪರಸ್ಪರ ಬೆಸೆದುಕೊಂಡಿರಬಹುದು ಎಂಬ ಸಂಬಂಧವನ್ನೇ ಅವರ ಟೈಪ್ ಸಿಸ್ಟಮ್ ಲೆಕ್ಕ ಹಾಕುತ್ತದೆ. ಫಲಿತಾಂಶವು ಯಾವುದರ ಜೊತೆಗೂ ಬೆಸೆದಿಲ್ಲವೆಂದು ಕಂಡರೆ ಅದು ಕ್ಯಾಪ್ಸೂಲ್. ಹೊರಗಿನ ವೇರಿಯೇಬಲ್‌ಗಳನ್ನು ಬಳಸಿಯೂ ಕ್ಯಾಪ್ಸೂಲ್ ಪಡೆಯಬಹುದು ಎಂಬುದು, ಮತ್ತು ಪ್ರೋಗ್ರಾಮರ್ ಹೆಚ್ಚೇನೂ ಬರೆಯದೆ ಕಂಪೈಲರೇ ಇದನ್ನು ಕಂಡುಕೊಳ್ಳಬಹುದು ಎಂಬುದು, ನನಗೆ ಈ ಕೆಲಸದಲ್ಲಿ ಅತ್ಯಂತ ಹಿಡಿಸಿದ ಅಂಶ.

ಇದೆಲ್ಲ ಪ್ರಬಂಧಗಳಲ್ಲೇ ಉಳಿದಿಲ್ಲ. 2024ರಲ್ಲಿ ಬಂದ ಸ್ವಿಫ್ಟ್ ಪ್ರೋಗ್ರಾಮಿಂಗ್ ಭಾಷೆಯ 6ನೇ ಆವೃತ್ತಿ, ಥ್ರೆಡ್‌ಗಳ ನಡುವೆ ಹಂಚಲಾಗದ ಆಬ್ಜೆಕ್ಟನ್ನೂ, ಅದು ಸೇರಿರುವ ರೀಜನ್ನಿನ (ಪರಸ್ಪರ ಬೆಸೆದಿರಬಹುದಾದ ಆಬ್ಜೆಕ್ಟ್‌ಗಳ ಗುಂಪಿನ) ಯಾವುದನ್ನೂ ಕಳಿಸಿದವರು ಮುಂದೆ ಮುಟ್ಟದಿದ್ದರೆ, ದಾಟಿಸಲು ಬಿಡುತ್ತದೆ. ನೀವು ಓದಲು ತೊಡಗುವುದಾದರೆ ಮೊದಲು 1998ರ ಪ್ರಬಂಧ, ಆಮೇಲೆ ನೇರವಾಗಿ 2012ರದು, ಈ ಕ್ರಮದಲ್ಲಿ ಓದಿ. ಮೊದಲನೆಯದರ ಇಟರೇಟರ್ ಸಮಸ್ಯೆಯನ್ನು ನಿಮ್ಮದೇ ಒಂದು ಸಣ್ಣ ಲಿಸ್ಟ್ ಕ್ಲಾಸಿನ ಮೇಲೆ ಬರೆದು ನೋಡಿಕೊಂಡರೆ ಎರಡನೆಯದರ ನಿಯಮಗಳು ಬೇಗ ಅರ್ಥವಾಗುತ್ತವೆ.