ಗಣಿ ಕಡೆ ಓಡಿದ ಸ್ಕಾರ್ಪಿಯೊ ತಗೋಬಹುದಾ?

ಪ್ರಶ್ನೆ: ಸರ್, ನಾವು ಗಂಗಾವತಿ ಹತ್ತಿರದ ಹಳ್ಳಿಯವರು, ಭತ್ತ ಬೆಳೆಯುತ್ತೇವೆ. ಮನೆಯಲ್ಲಿ ಏಳು ಜನ. ಬಳ್ಳಾರಿಯಲ್ಲಿ 2016ರ ಡೀಸೆಲ್ ಸ್ಕಾರ್ಪಿಯೊ ನೋಡಿದ್ದೇವೆ. ಮೀಟರ್‌ನಲ್ಲಿ 92,000 ಕಿ.ಮೀ., ಒಬ್ಬರೇ ಓನರ್, ಆರೂವರೆ ಲಕ್ಷ ಹೇಳುತ್ತಿದ್ದಾರೆ. ಆದರೆ ಅದು ಸಂಡೂರು ಗಣಿ ಕಡೆ ಓಡಿದ್ದು ಅಂತ ಒಬ್ಬರು ಅಂದರು. ಡೀಸೆಲ್ ಗಾಡಿ 10 ವರ್ಷಕ್ಕೆ ಗುಜರಿಗೆ ಹೋಗುತ್ತದಂತೆ, ನಿಜವಾ? ತಿಂಗಳಿಗೆ 600 ಕಿ.ಮೀ. ಓಡಿಸಬಹುದು.

ಉತ್ತರ: ಗುಜರಿ ಭಯ ಬಿಡಿ. 10 ವರ್ಷದ ಮಾತು ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಸ್ವಂತ ಬಳಕೆಯ ಗಾಡಿಗೆ ಆರ್‌ಸಿ 15 ವರ್ಷ, ಅಂದರೆ ಇದಕ್ಕೆ 2031ರ ತನಕ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ಐದೈದು ವರ್ಷ ಮುಂದುವರಿಸಬಹುದು.

ಗಣಿ ಮಾತು ಮಾತ್ರ ತಳ್ಳಿಹಾಕಬೇಡಿ. ಮೀಟರ್ ನೋಡಿ ಗಾಡಿ ತಗೋಬೇಡಿ, ಧೂಳು ನೋಡಿ. ವಾಟರ್ ವಾಶ್ ಮಾಡಿಸಿ ಪಾಲಿಶ್ ಹೊಡೆದು ನಿಲ್ಲಿಸಿರುತ್ತಾರೆ, ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟ್ ಕೊನೆತನಕ ಎಳೆಯಿರಿ, ಅಲ್ಲಿ ಯಾರೂ ಒರೆಸಿರುವುದಿಲ್ಲ. ಕಾರ್ಪೆಟ್ ಎತ್ತಿ ನೋಡಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಫಿಲ್ಟರ್ ದಾಟಿ ಒಳಗಿನ ಪೈಪಿನಲ್ಲೂ ಅದಿರಿನ ಪುಡಿ ಕೈಗೆ ಹತ್ತಿದರೆ ಟರ್ಬೊ, ಪಿಸ್ಟನ್ ರಿಂಗು ಎಲ್ಲಾ ಸವೆದಿರುವ ಹಾಗೇ ಲೆಕ್ಕ, ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ. ನಾನೂ ಒಮ್ಮೆ ‘ಮೇಷ್ಟ್ರು ಓಡಿಸಿದ ಗಾಡಿ’ ಅಂತ ನಂಬಿ ಬೊಲೆರೊ ತಂದಿದ್ದೆ. ಬೆಲ್ಟ್ ಎಳೆದರೆ ಕುಂಕುಮದ ಹಾಗೆ ಉದುರಿತು. ಎಳೆದಿದ್ದು ದುಡ್ಡು ಕೊಟ್ಟ ಮೇಲೆ!

ಬೆಳಗ್ಗೆ ಹೇಳದೆ ಹೋಗಿ, ಮೊದಲು ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಆಗಲೇ ಸ್ಟಾರ್ಟ್ ಮಾಡಿದ್ದಾರೆ ಅಂತ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದ ಇಂಜಿನ್ ನೀಲಿ ಹೊಗೆ ಬಿಟ್ಟರೆ ಆಯಿಲ್ ಸುಡುತ್ತಿದೆ. ಪೆಡಲ್ ರಬ್ಬರ್ ಪೂರ್ತಿ ನುಣ್ಣಗಾಗಿದ್ದರೆ 92,000 ಅನ್ನುವುದು ಅನುಮಾನವೇ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಅಂದರೆ 2019ರ 23ನೇ ವಾರದ್ದು. ಅಷ್ಟು ಹಳೆಯದಾದರೆ ಟೈರಿನ ಮೇಲಿನ ಗುಂಡಿ (ಟ್ರೆಡ್) ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕು, ಆ ದುಡ್ಡು ಬೆಲೆಯಲ್ಲಿ ಕಳೆಯಿರಿ.

ಕಾಗದಪತ್ರ: ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದೆ ಅಂತ ಬ್ಯಾಂಕ್ ಕೊಡುವ ಎನ್‌ಒಸಿ, ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಗಾಡಿ ನಿಮ್ಮ ಹೆಸರಿಗೆ ಆಗಲು ಬೇಕಾದ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಸಿಗುವುದಿಲ್ಲ. ಬಳ್ಳಾರಿಯ ಕೆಎ-34 ನಂಬರ್ ಹಾಗೇ ಇರುತ್ತದೆ.

ಲೀಟರಿಗೆ 12 ಕಿ.ಮೀ. ಹಿಡಿದರೆ ನಿಮಗೆ ತಿಂಗಳಿಗೆ 50 ಲೀಟರ್, ಲೀಟರಿಗೆ 90 ರೂಪಾಯಿ ಅಂದರೂ 4,500. ಇದು ಹೊರೆಯಲ್ಲ. ಟೈರು, ಬ್ಯಾಟರಿ, ಕ್ಲಚ್ಚು, ಸಸ್ಪೆನ್ಷನ್ ಬುಷ್ಷು ಅಂತ ಮೊದಲ ವರ್ಷವೇ ಕೈ ಕಚ್ಚುವುದು, ಅದಕ್ಕೇ ಆರಕ್ಕೆ ಮಾತಾಡಿ, ಉಳಿದ ಐವತ್ತು ಸಾವಿರ ಎತ್ತಿಡಿ. ಇನ್ನೊಂದು ಮಾತು, ಹಿಂದಿನ ಸೀಟು ಎದುರುಬದುರು ಇರುವ ಮಾಡೆಲ್ಲಾದರೆ ಮಕ್ಕಳನ್ನು ಅಲ್ಲಿ ಕೂರಿಸಿ ದೂರ ಹೋಗಬೇಡಿ. ಅಮ್ಮ, ಅಪ್ಪನಿಗೆ ಮಂಡಿ ನೋವಿದ್ದರೆ ಒಮ್ಮೆ ಹತ್ತಿಸಿ ನೋಡಿ, ಗಾಡಿ ಎತ್ತರ ಜಾಸ್ತಿ.

ಪ್ರಶ್ನೆ: ರಾಯಚೂರು ಬಿಸಿಲಿಗೆ ನಮ್ಮ ಹಳೇ ಗಾಡಿಯ ಎಸಿ ಸಾಲುತ್ತಿಲ್ಲ. ಮೂರು ಸಲ ಗ್ಯಾಸ್ ತುಂಬಿಸಿದೆ.

ಉತ್ತರ: ಗ್ಯಾಸ್ ಡೀಸೆಲ್ ಹಾಗೆ ಖರ್ಚಾಗುವುದಲ್ಲ, ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಲೀಕ್ ಹುಡುಕದೆ ನಾಲ್ಕನೇ ಸಲ ತುಂಬಿಸಬೇಡಿ. ರೇಡಿಯೇಟರ್ ಮುಂದಿನ ಕಂಡೆನ್ಸರ್‌ನಲ್ಲಿ ಧೂಳು ಕಟ್ಟಿದ್ದರೂ ಹೀಗಾಗುತ್ತದೆ. ನೀರು ಜೋರಾಗಿ ಬಿಡದೆ ಮೆಲ್ಲಗೆ ತೊಳೆಸಿ.