ಉಡುಪಿಯಿಂದ ಮಿಲ್ವಾಕಿಯ ಇಲಿ ಲ್ಯಾಬಿಗೆ

ಮಣಿಪಾಲದಲ್ಲಿ ಎರಡು ವರ್ಷ ವಿಸ್ಟಾರ್ ಇಲಿಗಳ ಮೇಲೆ ಕೆಲಸ ಮಾಡಿದ್ದೀರಿ, ಜನವರಿಯಲ್ಲಿ ಅಮೆರಿಕದ ಮಿಲ್ವಾಕಿಗೆ ಹೊರಟಿದ್ದೀರಿ, ಅಲ್ಲಿ ಉಪ್ಪಿಗೆ ಬಿಪಿ ಏರುವ ಡಾಲ್ ಎಸ್‌ಎಸ್ ತಳಿಯ ಇಲಿಗಳ ಮೇಲೆ ಕೆಲಸವಂತೆ, ಚಳಿಗೂ ಕೆಲಸಕ್ಕೂ ಹೇಗೆ ತಯಾರಾಗಲಿ ಎಂದು ಕೇಳಿದ್ದೀರಿ. ಕೋಟು, ಬೂಟು ಇಲ್ಲಿಗೆ ಬಂದೇ ಕೊಳ್ಳಿ. ಮನೆ ಮಾತ್ರ ಲ್ಯಾಬಿಗೆ ಹತ್ತಿರ ಹಿಡಿಯಿರಿ. ಇಲಿಗಳನ್ನು ಕ್ರಿಸ್‌ಮಸ್ ದಿನವೂ ನೋಡಲೇಬೇಕು.

ನೀವು ಬಳಸಿದ ಔಟ್‌ಬ್ರೆಡ್ (ಹತ್ತಿರದ ರಕ್ತಸಂಬಂಧವಿಲ್ಲದವನ್ನು ಕೂಡಿಸಿ ಬೆಳೆಸಿದ) ವಿಸ್ಟಾರ್, ಬೀಜದಿಂದ ಎದ್ದ ಹಲಸಿನ ಹಾಗೆ: ಒಂದು ಬಕ್ಕೆ, ಇನ್ನೊಂದು ತುಳುವೆ. ಇನ್‌ಬ್ರೆಡ್ ತಳಿ ಶಂಕರಪುರ ಮಲ್ಲಿಗೆಯ ಗೆಲ್ಲು ನೆಟ್ಟ ಹಾಗೆ. ಕನಿಷ್ಠ 20 ತಲೆಮಾರು ಅಣ್ಣ-ತಂಗಿಯನ್ನೇ ಕೂಡಿಸಿದ್ದರಿಂದ ಎಲ್ಲದರ ಜೀನೋಮ್ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಹತ್ತು ಇಲಿಗಳ ಬಿಪಿ ಹತ್ತು ತೆರನಾಗಿ ಬಂದರೆ ಮೊದಲು ಕೋಣೆ, ಫೀಡ್, ನಿಮ್ಮ ಕೈ ಮೂರನ್ನೂ ಅನುಮಾನಿಸಿ.

ನೋಟ್‌ಬುಕ್ಕಿನಲ್ಲಿ ಬರೀ 'ಎಸ್‌ಎಸ್' ಎಂದು ಬರೆಯಬೇಡಿ. ತಳಿಯ ಪೂರ್ತಿ ಹೆಸರಿನಲ್ಲಿ ಓರೆಗೆರೆಯ ನಂತರ ಬರುವ ಅಕ್ಷರಗಳು ಅದು ಯಾರ ಕೈಯಲ್ಲಿ ಬೆಳೆದದ್ದು ಎಂದು ಹೇಳುತ್ತವೆ. ವಿಸ್ಟಾರ್-ಕ್ಯೋಟೊ (ಡಬ್ಲ್ಯುಕೆವೈ) ಎಂಬ ಇನ್ನೊಂದು ತಳಿಯ ಇಲಿಗಳನ್ನು ಇನ್‌ಬ್ರೀಡಿಂಗ್ ಮುಗಿಯುವ ಮೊದಲೇ ಹಂಚಿದ್ದರಿಂದ, ಇಂದಿಗೂ ಬೇರೆ ಬೇರೆ ಕಡೆಯವು ಜೀನಿನಲ್ಲಿ ಬೇರೆ ಬೇರೆಯೇ. ಡಾಲ್ ಎಸ್‌ಎಸ್‌ಗೆ ಒಳ್ಳೆಯ ಕಂಟ್ರೋಲ್ (ಹೋಲಿಸಿ ನೋಡುವ ಇಲಿ) ಎಂದರೆ ಬ್ರೌನ್ ನಾರ್ವೆ ತಳಿಯ 13ನೇ ಕ್ರೋಮೊಸೋಮ್ ಕೂರಿಸಿದ ಎಸ್‌ಎಸ್-13ಬಿಎನ್.

ಫೀಡ್ ವಿಷಯದಲ್ಲಿ ತುಂಬ ಜಾಗ್ರತೆ ಬೇಕು. 21ನೇ ದಿನ ಹಾಲು ಬಿಡಿಸಿದಂದಿನಿಂದ 0.4% ಉಪ್ಪು, ಪ್ರಯೋಗಕ್ಕೆ 4% ಅಥವಾ 8%. ಆದರೆ ಉಪ್ಪು ಅಷ್ಟೇ ಇದ್ದರೂ ಕೇಸಿನ್ (ಹಾಲಿನ ಪ್ರೋಟೀನ್) ಫೀಡ್ ತಿಂದ ಇಲಿಗೆ ಬಿಪಿ, ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಪ್ರೋಟೀನ್ ಎರಡೂ ಧಾನ್ಯದ ಫೀಡ್ ತಿಂದದ್ದಕ್ಕಿಂತ ಹೆಚ್ಚು ಏರುತ್ತವೆ. ಚೀಲ ಖಾಲಿಯಾಯಿತೆಂದು ಪಕ್ಕದ ಲ್ಯಾಬಿನ ಫೀಡ್ ಹಾಕಿದರೆ ಪ್ರಯೋಗ ಅಲ್ಲಿಗೆ ಮುಗಿಯಿತು. ಪ್ರತಿ ಚೀಲದ ಲಾಟ್ ನಂಬರ್ ಬರೆದಿಡಿ.

ಉಡುಪಿಯವರಿಗೆ ಹೊಳೆಯದ ಸಂಗತಿ ಒಂದಿದೆ: ಒಣ ಗಾಳಿ. ಹೀಟರ್ ಓಡುವ ತಿಂಗಳಲ್ಲಿ ಕೋಣೆಯ ತೇವಾಂಶ 40%ಗಿಂತ ಇಳಿದರೆ ಹಾಲು ಕುಡಿಯುವ ಮರಿಗಳ ಬಾಲ ನೋಡಿ. ಚರ್ಮ ಉಂಗುರದ ಹಾಗೆ ಬಿಗಿದಿರುತ್ತದೆ, ಅದರಾಚೆ ಊದಿ ಕೆಂಪಾಗುತ್ತದೆ, ಆಮೇಲೆ ಕಪ್ಪಾಗಿ ತುದಿ ಉದುರುತ್ತದೆ. ರಿಂಗ್‌ಟೇಲ್ ಎನ್ನುತ್ತಾರೆ. ಉಂಗುರ ಕಂಡ ದಿನವೇ ವೆಟ್‌ಗೆ ಹೇಳಿ, ಗೂಡಿಗೆ ಕಾಗದದ ಚೂರು ಹೆಚ್ಚು ಹಾಕಿ, ತಂತಿತಳದ ಪಂಜರವಾದರೆ ಬದಲಿಸಿ. ಆ ಪುಟ್ಟ ಜೀವಕ್ಕೆ ಅದು ನಿಜವಾದ ನೋವು, ತಪ್ಪಿಸಬಹುದಾದ ನೋವು.

ಬಂದ ವಾರವೇ ಇಲಿ ಮುಟ್ಟಲು ಬಿಡುವುದಿಲ್ಲ. ತರಬೇತಿ ಮುಗಿಸಿ, ಪ್ರೋಟೊಕಾಲ್‌ನಲ್ಲಿ (ಒಪ್ಪಿಗೆ ಪಡೆದ ಪ್ರಾಣಿಪ್ರಯೋಗದ ಯೋಜನೆಯಲ್ಲಿ) ನಿಮ್ಮ ಹೆಸರು ಸೇರಬೇಕು. ಅಲ್ಲಿಯವರೆಗೆ ಎನ್95 ಮಾಸ್ಕಿನ ಫಿಟ್ ಟೆಸ್ಟ್ ಮಾಡಿಸಿಕೊಳ್ಳಿ. ಇಲಿಯ ಮೂತ್ರದ ಪ್ರೋಟೀನಿಗೆ ಅಲರ್ಜಿ ಸಾಮಾನ್ಯವಾಗಿ ಮೊದಲ ಎರಡು-ಮೂರು ವರ್ಷದಲ್ಲೇ ಶುರುವಾಗುತ್ತದೆ. ಕೇಜ್ ಬದಲಿಸಿದ ಮೇಲೆ ಸೀನು, ಕಣ್ಣುರಿ ಬಂದರೆ ಚಳಿಯ ಶೀತವೆಂದು ಬಿಡಬೇಡಿ, ಆಕ್ಯುಪೇಶನಲ್ ಹೆಲ್ತ್‌ಗೆ ಹೋಗಿ ತೋರಿಸಿ.